ಹೊರೆಗಾಡಿಯ ಕೀಲುಗಳು

ಕೊಟ್ಟಿಗೆಯ ಎಮ್ಮೆ ಬಡವಾದುದನ್ನು ದಿನವೂ ಹುಲ್ಲು ಹಾಕುವವನಿಗಿಂತ ಹಬ್ಬಕ್ಕೆ ಬಂದ ನಂಟರು ಬೇಗನೆ ಗುರುತಿಸುವರು. ದಿನದಿನವೂ ನೋಡುವ ಕಣ್ಣಿಗೆ ಎಳ್ಳಷ್ಟೆಳ್ಳಷ್ಟೇ ಬರುವ ಬದಲಾವಣೆಯು ಕಾಣದು. ನಮ್ಮ ಮನೆಯ ಪಿಕಪ್ ಗಾಡಿಯ ವಿಷಯದಲ್ಲಿಯೂ ಹೀಗೆಯೇ ಆಯಿತು.

ನಮ್ಮದು ತೀರ್ಥಹಳ್ಳಿಯ ಸಮೀಪದ ಒಂದು ಚಿಕ್ಕ ಹಳ್ಳಿ. ಅಡಿಕೆಯ ಮೂಟೆಗಳು ಶಿವಮೊಗ್ಗೆಗೆ ಹೋಗುವುದು, ಬಾಳೆಗೊನೆಗಳು ಆಗುಂಬೆಯ ಘಾಟಿಯಿಳಿದು ಉಡುಪಿಯ ಕಡೆಗೆ ಹೋಗುವುದು, ಗೊಬ್ಬರವೂ ಹಂಚೂ ಮನೆಗೆ ಬರುವುದು, ಎಲ್ಲವೂ ಆ ಒಂದು ಗಾಡಿಯಿಂದಲೇ. ಏಳು ವರ್ಷಗಳಿಂದ ಮಗನು ಅದನ್ನು ಓಡಿಸುತ್ತಿರುವನು. ಕಳೆದ ಮಳೆಗಾಲವು ಮುಗಿದ ಬಳಿಕ ಉಡುಪಿಯ ಕಡೆ ಒಂದು ಮದುವೆಯನ್ನು ಮುಗಿಸಿಕೊಂಡು ನನ್ನ ಮನೆಯಾಕೆಯು ಬಹುದಿನಗಳ ಮೇಲೆ ಮಗನ ಪಕ್ಕದಲ್ಲಿ ಕುಳಿತು ಘಾಟಿಯನ್ನು ಹತ್ತಿ ಬಂದಳು. ರಾತ್ರಿ ಊಟಕ್ಕೆ ಕುಳಿತಾಗ ಆಕೆ ಹೇಳಿದ ಮಾತು ಇಷ್ಟೆ: “ಇವನ ಕೈ ಚಕ್ರದ ಮೇಲೆ ಒಂದು ಗಳಿಗೆಯೂ ಸುಮ್ಮನೆ ನಿಲ್ಲುವುದಿಲ್ಲ. ನೆಟ್ಟಗಿನ ರಸ್ತೆಯಲ್ಲಿಯೂ ಅತ್ತ ಇತ್ತ ತಿದ್ದುತ್ತಲೇ ಇರುತ್ತಾನೆ. ಮೊದಲು ಹೀಗಿರಲಿಲ್ಲ.”

ಮಗನು ನಕ್ಕುಬಿಟ್ಟನು. “ಇಲ್ಲ ಅಮ್ಮ, ಗಾಡಿ ಮೊದಲಿನ ಹಾಗೆಯೇ ಇದೆ” ಎಂದನು. ಅವನು ಸುಳ್ಳಾಡಲಿಲ್ಲ. ಗಾಡಿಯು ಸಡಿಲವಾದಂತೆಲ್ಲ ಅವನ ಕೈಗಳು ತಾವಾಗಿಯೇ ಆ ಸಡಿಲಕ್ಕೆ ಒಗ್ಗಿಕೊಂಡಿದ್ದವು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಐದು ತಿಂಗಳ ಹಿಂದೆಯಷ್ಟೇ ಮುಂದಿನ ಎರಡು ಟೈರುಗಳು ಒಳ ಅಂಚಿನಲ್ಲಿ ಬೋಳಾಗಿದ್ದವು. ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಟೈರು ಹಾಕಿಸಿ, ಚಕ್ರಗಳ ನೇರವನ್ನು ಯಂತ್ರದ ಮೇಲೆ ನೋಡಿಸಿ, ಹಣ ತೆತ್ತು ಬಂದಿದ್ದೆವು. ಆ ಟೈರುಗಳೂ ಈಗ ಅದೇ ರೀತಿಯಾಗಿ ಸವೆಯುತ್ತಿದ್ದವು. ಅಂಗಡಿಯವರು ಗಾಡಿಯ ಕೆಳಗೆ ಬಗ್ಗಿ ನೋಡಲಿಲ್ಲವೆಂದು ದೂರಬಹುದು. ಆದರೆ ನೋಡಿರೆಂದು ನಾವೂ ಕೇಳಿರಲಿಲ್ಲ.

ಮರುದಿನ ತೀರ್ಥಹಳ್ಳಿಯ ನಮ್ಮ ಹಳೆಯ ಮೇಸ್ತ್ರಿಗಳ ಬಳಿಗೆ ಗಾಡಿಯನ್ನು ಕೊಂಡೊಯ್ದೆವು. ಅವರು ಟೈರಿನ ಮೇಲೆ ಅಂಗೈಯನ್ನು ಒಮ್ಮೆ ಒಳಗಿನಿಂದ ಹೊರಕ್ಕೂ ಇನ್ನೊಮ್ಮೆ ಹೊರಗಿನಿಂದ ಒಳಕ್ಕೂ ಸವರಿದರು. ಒಂದು ಕಡೆಗೆ ನುಣುಪು, ಮತ್ತೊಂದು ಕಡೆಗೆ ಗರಗಸದ ಹಲ್ಲಿನಂತೆ ಒರಟು. “ಗೌಡ್ರೇ, ಜ್ವರ ಬಂದವನಿಗೆ ಹೊಸ ಅಂಗಿ ಹೊಲಿಸಿದ ಹಾಗಾಯ್ತಲ್ಲ ನೀವು ಮಾಡಿದ್ದು” ಎಂದರು. ಆ ದಿನ ಅವರ ಪಕ್ಕದಲ್ಲಿ ಕುಳಿತು ಕಂಡುದನ್ನೂ ಅವರು ತಿಳಿಹೇಳಿದುದನ್ನೂ ಇಲ್ಲಿ ಬರೆಯುತ್ತೇನೆ. ಸ್ವಂತ ಹೊರೆಗಾಡಿಯನ್ನು ಇಟ್ಟುಕೊಂಡು ಅದರಿಂದಲೇ ಬದುಕುವ ಸಂಸಾರಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಅಂತಹ ವಾಚಕರಿಗೆ ಇದು ಪ್ರಯೋಜನಕ್ಕೆ ಬಂದೀತು.

ಗಾಡಿಯ ತಳಭಾಗವನ್ನು ಮೊದಲ ಬಾರಿಗೆ ನೋಡುವವರಿಗೆ ಅದು ಕಬ್ಬಿಣದ ಕಾಡಿನಂತೆ ತೋರುವುದು. ಆದರೆ ಅಲ್ಲಿರುವ ಕೆಲಸಗಳು ಎರಡೇ. ಗಾಡಿಯ ಭಾರವನ್ನು ಹೊತ್ತು ರಸ್ತೆಯ ಪೆಟ್ಟನ್ನು ನುಂಗುವುದು ಒಂದು. ಚಾಲಕನ ಕೈಯ ಇಂಗಿತವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವುದು ಇನ್ನೊಂದು. ಮುಂದಿನ ಚಕ್ರಗಳಲ್ಲಿ ಈ ಎರಡು ಕೆಲಸಗಳೂ ಒಂದೇ ಸ್ಥಳದಲ್ಲಿ ನಡೆಯಬೇಕಾಗಿರುವುದೇ ತೊಡಕಿಗೆಲ್ಲ ಮೂಲ. ಚಕ್ರವು ಮೇಲಕ್ಕೂ ಕೆಳಕ್ಕೂ ಆಡಬೇಕು, ಎಡಕ್ಕೂ ಬಲಕ್ಕೂ ತಿರುಗಬೇಕು. ಆದರೆ ಬೇರೆ ಯಾವ ದಿಕ್ಕಿಗೂ ಒಂದು ಕೂದಲಿನಷ್ಟೂ ಅಲುಗಕೂಡದು.

ನಾಲ್ಕು ಚಕ್ರದ ವಾಹನವನ್ನು ತಿರುಗಿಸುವುದು ಎಷ್ಟು ಕಷ್ಟವೆಂಬುದು ತೇರನ್ನು ಎಳೆದವರಿಗೆಲ್ಲ ಗೊತ್ತು. ತೇರಿನ ಅಚ್ಚು ತಿರುಗುವುದಿಲ್ಲ. ಆದುದರಿಂದ ಚಕ್ರದಡಿಗೆ ಮರದ ಬೆಣೆಗಳನ್ನು ಕೊಡುತ್ತ, ನೂರಾರು ಜನರು ಕೂಗಿ ಎಳೆಯುತ್ತ, ಅದನ್ನು ಅಂಗುಲ ಅಂಗುಲವಾಗಿ ತಿರುಗಿಸಬೇಕಾಗುವುದು. ಎರಡೇ ಚಕ್ರದ ಎತ್ತಿನ ಗಾಡಿಗೆ ಈ ಕಷ್ಟವಿಲ್ಲ. ಹಿಂದಣ ಕಾಲದ ನಾಲ್ಕು ಚಕ್ರದ ಸಾರೋಟುಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ನಡುವಣ ಗೂಟದ ಮೇಲೆ ತಿರುಗುತ್ತಿತ್ತು. ಬಹಳ ತಿರುಗಿಸಿದರೆ ಸಾರೋಟು ಮಗುಚಿಕೊಳ್ಳುವ ಭಯವಿತ್ತು. ಜರ್ಮನಿಯ ಮ್ಯೂನಿಕ್ ನಗರದ ಲಾಂಕೆನ್‌ಸ್ಪೆರ್ಗರ್ ಎಂಬ ಸಾರೋಟು ತಯಾರಕನು ಅಚ್ಚನ್ನು ಸ್ಥಿರವಾಗಿರಿಸಿ, ಎರಡು ತುದಿಗಳಲ್ಲಿ ಚಕ್ರಗಳನ್ನು ಮಾತ್ರ ಬೇರೆಬೇರೆಯಾಗಿ ತಿರುಗಿಸುವ ಉಪಾಯವನ್ನು ಕಂಡುಹಿಡಿದನು. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಅದರ ಹಕ್ಕುಪತ್ರವನ್ನು ಪಡೆದವನು ಚಿತ್ರಪಟಗಳನ್ನು ಅಚ್ಚುಮಾಡಿ ಮಾರುತ್ತಿದ್ದ ರುಡೋಲ್ಫ್ ಆಕರ್‌ಮನ್. ಇಂದಿಗೂ ಆ ಏರ್ಪಾಟಿಗೆ ಆಕರ್‌ಮನ್ನನ ಹೆಸರೇ ನಿಂತಿರುವುದು. ದುಡಿದವನೊಬ್ಬ, ಹೆಸರು ಪಡೆದವನೊಬ್ಬ! ತಿರುವಿನಲ್ಲಿ ಒಳಗಣ ಚಕ್ರವು ಚಿಕ್ಕ ವೃತ್ತದಲ್ಲಿಯೂ ಹೊರಗಣ ಚಕ್ರವು ದೊಡ್ಡ ವೃತ್ತದಲ್ಲಿಯೂ ಓಡುವುದರಿಂದ ಒಳಚಕ್ರವು ಹೆಚ್ಚು ತಿರುಗಬೇಕೆಂಬುದೇ ಅದರ ಒಳಗುಟ್ಟು. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಟೈರುಗಳು ಕಿರುಚದೆ ತಿರುಗುವುದು ಈ ಗುಟ್ಟಿನ ಬಲದಿಂದಲೇ. ಆದರೆ ಆ ಲೆಕ್ಕವನ್ನೆಲ್ಲ ಹಿಡಿದಿಟ್ಟಿರುವುದು ಕೆಲವು ಸರಳುಗಳು ಮತ್ತು ಅವುಗಳ ತುದಿಯ ಕೀಲುಗಳು. ಕೀಲು ಸವೆದರೆ ಲೆಕ್ಕವೂ ತಪ್ಪಿತು.

ಆ ಕೀಲುಗಳಿಗೆ ಬಾಲ್ ಜಾಯಿಂಟ್ ಎಂದು ಹೆಸರು. ನಮ್ಮ ಅಡಿಗೆಮನೆಯ ರುಬ್ಬುವ ಕಲ್ಲನ್ನು ನೆನೆದುಕೊಂಡರೆ ಸಾಕು. ಒರಳಿನ ಕುಳಿಯಲ್ಲಿ ಗುಂಡು ಕುಳಿತು ಎಲ್ಲ ಕಡೆಗೂ ಆಡುವಂತೆ, ಉಕ್ಕಿನ ಬಟ್ಟಲಿನಲ್ಲಿ ಉಕ್ಕಿನ ಗುಂಡು ಕುಳಿತಿರುವುದು. ನಡುವೆ ಗ್ರೀಸು, ಮೇಲೆ ರಬ್ಬರಿನ ಟೋಪಿ. ಟೋಪಿಯು ಗಟ್ಟಿಯಾಗಿರುವವರೆಗೆ ಕೀಲು ಬಹುಕಾಲ ಬಾಳುವುದು. ಅದು ಹರಿದರೆ ಮಲೆನಾಡಿನ ಮಳೆಯ ನೀರೂ ಕೆಮ್ಮಣ್ಣೂ ಒಳಸೇರಿ, ರುಬ್ಬುವ ಕಲ್ಲು ಅಕ್ಕಿಯನ್ನು ರುಬ್ಬಿದಂತೆ ಕೀಲು ತನ್ನನ್ನೇ ತಾನು ರುಬ್ಬಿಕೊಳ್ಳುವುದು. ನಮ್ಮ ಗಾಡಿಯ ಎಡಗಡೆಯ ಕೆಳಕೀಲಿನ ಟೋಪಿಯು ಎಂದೋ ಹರಿದಿತ್ತು. ಒಂದು ಟೋಪಿಯ ಬೆಲೆ ಏನು ಮಹಾ! ಆದರೆ ನೋಡಿದವರಿಲ್ಲ.

ಸಡಿಲವನ್ನು ಪತ್ತೆಮಾಡುವ ಕ್ರಮವನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ತಪ್ಪಾಗಿ ನೋಡಿದರೆ ಕೆಟ್ಟ ಕೀಲೂ ಒಳ್ಳೆಯದಾಗಿಯೇ ಕಾಣುವುದು. ಮೇಸ್ತ್ರಿಗಳು ಮೊದಲು ಗಾಡಿಯನ್ನು ಎತ್ತಲೇ ಇಲ್ಲ. ಚಕ್ರಗಳು ನೆಲದ ಮೇಲಿರುವಾಗಲೇ ಮಗನನ್ನು ಒಳಗೆ ಕೂರಿಸಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪಸ್ವಲ್ಪವೇ ಅಲುಗಿಸಹೇಳಿ, ತಾವು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಿದರು. ಸ್ಟೀರಿಂಗ್ ಪೆಟ್ಟಿಗೆಯಿಂದ ಹೊರಟ ಡ್ರಾಪ್ ಆರ್ಮ್, ಅದರಿಂದ ನಡುವಣ ಸರಳು, ಆಚೆ ಬದಿಯಲ್ಲಿ ಅದನ್ನು ಹಿಡಿದ ಐಡ್ಲರ್ ಆರ್ಮ್, ಕೊನೆಗೆ ಎರಡು ಚಕ್ರಗಳಿಗೂ ಹೋಗುವ ಟೈ ರಾಡುಗಳು. ಒಂದು ಸರಳು ಹೊರಟಮೇಲೆ ಮುಂದಿನದು ತಡೆದು ಹೊರಟರೆ, ನಡುವಣ ಕೀಲು ಸವೆದಿದೆಯೆಂದು ತಿಳಿಯತಕ್ಕದ್ದು. ಎರಡು ಟೈ ರಾಡುಗಳ ತುದಿಕೀಲುಗಳೂ ಐಡ್ಲರಿನ ಬುಷ್ಷೂ ಹೀಗೆ ಸಿಕ್ಕಿಬಿದ್ದವು.

ಬಳಿಕ ಚಕ್ರವನ್ನು ಎತ್ತಿದರು. ನಮ್ಮ ಗಾಡಿಯಲ್ಲಿ ಮುಂದಿನ ಸುರುಳಿ ಸ್ಪ್ರಿಂಗು ಕೆಳಗಿನ ತೋಳಿನ ಮೇಲೆ ಕುಳಿತಿರುವುದು. ಅಂತಹ ಗಾಡಿಯಲ್ಲಿ ಜಾಕನ್ನು ಆ ಕೆಳತೋಳಿನ ಅಡಿಗೇ, ಚಕ್ರದ ಹತ್ತಿರ ಕೊಡಬೇಕು. ಹಾಗೆ ಮಾಡದೆ ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗಿನ ಒತ್ತಡವು ಕೀಲಿನ ಮೇಲೆಯೇ ಉಳಿದು, ಸಡಿಲವು ಅಡಗಿಹೋಗುವುದು. ಪೇಟೆಯ ಅಂಗಡಿಯಲ್ಲಿ ಯಾರಾದರೂ ಚಕ್ರವನ್ನು ಅಲುಗಿಸಿ ನೋಡಿದ್ದರೂ ಪ್ರಾಯಶಃ ಹೀಗೆಯೇ ಮೋಸಹೋಗಿದ್ದಿರಬೇಕು. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟಿನ ಅಥವಾ ಚಕ್ರದ ಬೇರಿಂಗಿನ ಸಡಿಲವು ತಿಳಿಯುವುದು. ಎಡಬಲಗಳಲ್ಲಿ ಹಿಡಿದು ಅಲುಗಿಸಿದರೆ ಟೈ ರಾಡಿನ ಸಡಿಲವು ತಿಳಿಯುವುದು. ಬೇರಿಂಗೋ ಕೀಲೋ ಎಂಬ ಸಂಶಯ ಬಂದಲ್ಲಿ ಒಳಗಿದ್ದವನು ಬ್ರೇಕನ್ನು ಒತ್ತಿ ಹಿಡಿಯಲಿ. ಅಲುಗಾಟವು ನಿಂತರೆ ದೋಷವು ಬೇರಿಂಗಿನದು, ನಿಲ್ಲದಿದ್ದರೆ ಕೀಲಿನದು. ಕಡೆಗೆ ಟೈರಿನಡಿಯಲ್ಲಿ ಒಂದು ಹಾರೆಯನ್ನು ತೂರಿಸಿ ಮೀಟಿದರು. ಎಡಚಕ್ರವು ‘ಟಕ್’ ಎಂದು ಮೇಲಕ್ಕೆ ನೆಗೆದು ‘ಟಕ್’ ಎಂದು ಕೆಳಗೆ ಕುಳಿತಿತು. ಮಗನ ಮುಖ ಸಪ್ಪಗಾಯಿತು.

ಆ ಕೆಳಕೀಲು ಪೂರ್ತಿಯಾಗಿ ಕಳಚಿಕೊಂಡರೆ ಚಕ್ರವು ಮಗ್ಗುಲಿಗೆ ಮಡಿದುಬೀಳುವುದು, ಗಾಡಿಯು ಆ ಮೂಲೆಯಲ್ಲಿ ನೆಲಕ್ಕೆ ಕುಕ್ಕರಿಸುವುದು, ಸ್ಟೀರಿಂಗಿನಿಂದ ಆಗಬಹುದಾದುದು ಏನೂ ಉಳಿಯದು. ಆಗುಂಬೆಯಿಂದ ಸೋಮೇಶ್ವರದವರೆಗಿನ ಇಳಿಜಾರಿನಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಬಂಡೆಯಾದರೆ ಮತ್ತೊಂದು ಮಗ್ಗುಲಿಗೆ ಕಾಡಿನ ಕಣಿವೆ. ಹಿಂದಿನ ವಾರವಷ್ಟೇ ಆ ದಾರಿಯಲ್ಲಿ ನನ್ನ ಮನೆಯಾಕೆಯೂ ಸೊಸೆಯೂ ಸೊಸೆಯ ಮಡಿಲಿನಲ್ಲಿ ಮೂರು ವರ್ಷದ ಮೊಮ್ಮಗಳೂ ಕುಳಿತು ಇಳಿದಿದ್ದರು. ಆ ಕ್ಷಣದಲ್ಲಿ ಯಾರೂ ಮಾತಾಡಲಿಲ್ಲ. ಮೇಸ್ತ್ರಿಗಳು ಮಾತ್ರ ಹಾರೆಯನ್ನು ಕೆಳಗಿಟ್ಟು, “ಗಾಡಿ ಇವತ್ತು ಇಲ್ಲೇ ಇರಲಿ” ಎಂದರು.

ಇನ್ನು ಬದಲಾಯಿಸುವ ಕೆಲಸ. ಟೈ ರಾಡಿನ ತುದಿಕೀಲನ್ನು ಬಿಚ್ಚುವುದು ಕೈಯಳತೆ ಬಲ್ಲವನಿಗೆ ಕಷ್ಟವಲ್ಲ. ಕೀಲಿನ ಮೊಳೆಯು ಒಂದು ಕಡೆಗೆ ಸಣ್ಣದಾಗುತ್ತ ಹೋಗಿ, ಚಕ್ರದ ತೋಳಿನಲ್ಲಿರುವ ಅಂಥದೇ ತೂತಿನಲ್ಲಿ ಬಿರಟೆಯಂತೆ ಕಚ್ಚಿ ಕುಳಿತಿರುವುದು. ಮೊದಲು ಸ್ಪ್ಲಿಟ್ ಪಿನ್ನನ್ನು ತೆಗೆದು ನಟ್ಟನ್ನು ಸಡಿಲಿಸಬೇಕು. ಆಮೇಲೆ ಕೆಲಸ ಕಲಿಯದವನು ಮೊಳೆಯ ತಲೆಗೇ ಸುತ್ತಿಗೆಯಿಂದ ಹೊಡೆದು ಅದರ ಮರೆಯನ್ನು ಕೆಡಿಸುವನು. ಬಲ್ಲವನು ತೋಳಿನ ಪಕ್ಕಕ್ಕೆ ಒಂದೆರಡು ಬಲವಾದ ಪೆಟ್ಟು ಕೊಡುವನು. ತೂತು ಒಂದು ಗಳಿಗೆ ಅದುರಿ ಮೊಳೆ ತಾನೇ ಬಿಟ್ಟುಕೊಳ್ಳುವುದು. ಹಳೆಯ ಕೀಲನ್ನು ಸರಳಿನಿಂದ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಬಂದಿತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂರಿಸಬೇಕು. ಇದರಿಂದ ಚಕ್ರದ ನೇರವು ಸರಿಯಾಗಿಬಿಡುವುದೆಂದಲ್ಲ. ಅಳತೆಯ ಯಂತ್ರದವರೆಗೆ ಮೆಲ್ಲಗೆ ಓಡಿಸಿಕೊಂಡು ಹೋಗುವಷ್ಟು ಹತ್ತಿರ ಬರುವುದು.

ಮೊಳೆಗೂ ತೂತಿಗೂ ಗ್ರೀಸು ಸವರಬಾರದು. ಎರಡೂ ಒಣಗಿ ಶುಚಿಯಾಗಿರಬೇಕು. ನಟ್ಟನ್ನು ಹೇಳಿದ ಬಿಗಿಗೆ ತಂದಮೇಲೆ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಹೋಗದಿದ್ದರೆ ಇನ್ನೂ ತುಸು ಬಿಗಿಮಾಡಿ ಸರಿಹೊಂದಿಸಬೇಕೇ ಹೊರತು ಎಂದಿಗೂ ಹಿಂದಕ್ಕೆ ಸಡಿಲಿಸಕೂಡದು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಜಿಪುಣತನವು ಸಲ್ಲದು. ಇಡಿಯ ಸ್ಟೀರಿಂಗು ಆ ಚಿಕ್ಕ ತಂತಿಯ ತುಂಡನ್ನು ನಂಬಿಕೊಂಡಿರುವುದು.

ಮಗನಿಗೆ ಈ ಕೆಲಸವನ್ನೆಲ್ಲ ಮನೆಯ ಅಂಗಳದಲ್ಲಿಯೇ ಮಾಡಬಹುದಿತ್ತೆಂಬ ಉತ್ಸಾಹ. ಟೈ ರಾಡಿನ ಮಟ್ಟಿಗೆ ಅದು ನಿಜವೇ. ಆದರೆ ಗಾಡಿಯನ್ನು ಬರಿಯ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ನುಸುಳುವುದು ಆತ್ಮಹತ್ಯೆಗೆ ಸಮ. ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು, ಚಾಸಿಯ ಕೆಳಗೆ ಉಕ್ಕಿನ ನಿಲುಗಾಲುಗಳು ಇಷ್ಟಿಲ್ಲದೆ ಯಾರೂ ಕೆಳಗೆ ಹೋಗಬಾರದು. ಬಾಲ್ ಜಾಯಿಂಟಿನ ಕೆಲಸವಂತೂ ಬೇರೆಯೇ. ಕೀಲು ಬಿಟ್ಟೊಡನೆ ಕೆಳತೋಳನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಹತ್ತಾರು ಮಣ ಭಾರವನ್ನು ಹೊತ್ತು ಕುಗ್ಗಿದ ಸುರುಳಿ ಸ್ಪ್ರಿಂಗು ಹೊರಕ್ಕೆ ಚಿಮ್ಮಿದರೆ ಮನುಷ್ಯನ ಎಲುಬು ಅದಕ್ಕೆ ಅಡ್ಡಿಯಲ್ಲ. ಮೇಸ್ತ್ರಿಗಳು ತೋಳಿನಡಿಗೆ ಜಾಕನ್ನು ಕೊಟ್ಟು, ಸ್ಪ್ರಿಂಗನ್ನು ಅದಕ್ಕೆಂದೇ ಇರುವ ತಿರುಪಿನ ಉಪಕರಣದಿಂದ ಬಿಗಿದು ಕಟ್ಟಿ, ಆಮೇಲೆಯೇ ನಟ್ಟಿಗೆ ಕೈಹಚ್ಚಿದರು. ನಲುವತ್ತು ವರ್ಷ ಈ ಕೆಲಸ ಮಾಡಿದವರು ತೋರಿದ ಆ ಎಚ್ಚರವನ್ನು ಕಂಡು ಮಗನ ಉತ್ಸಾಹವು ತಣ್ಣಗಾಯಿತು.

ಮುಂದಿನ ಕೆಲಸವು ಮುಗಿಯಿತೆಂದುಕೊಂಡರೆ ಹಿಂದಿನ ಕಮಾನುಗಳ ಸರದಿ ಬಂದಿತು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಈ ಕಮಾನು ಮೋಟಾರಿಗಿಂತಲೂ ಹಳೆಯದು. ಲಂಡನ್ನಿನ ಓಬಡಾಯಾ ಎಲಿಯಟ್ಟನು ಸಾರೋಟುಗಳಿಗಾಗಿ ಅಂಡಾಕಾರದ ಕಮಾನಿಗೆ 1804ರಲ್ಲಿ ಹಕ್ಕುಪತ್ರ ಪಡೆದಿದ್ದನು. ಫೋರ್ಡ್ ಕಂಪೆನಿಯು 1925ರಲ್ಲಿ ತನ್ನ ಟಿ ಮಾದರಿಯ ಕಾರಿನ ಹಿಂದೆ ಹೊರೆಪೆಟ್ಟಿಗೆಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಪಿಕಪ್ಪೆಂದು ಮಾರತೊಡಗಿದಾಗ ಅದರಲ್ಲಿ ಮುಂದೊಂದು ಹಿಂದೊಂದು ಅಡ್ಡ ಕಮಾನುಗಳಿದ್ದವು. ಇಂದು ಎಷ್ಟೋ ಪಿಕಪ್ಪುಗಳ ಮುಂಭಾಗದಲ್ಲಿ ಸುರುಳಿ ಬಂದಿದ್ದರೂ ಹಿಂಭಾಗದಲ್ಲಿ ಉದ್ದುದ್ದ ಕಮಾನೇ ಉಳಿದಿರುವುದು. ಹೊರೆಗೆ ಅದಕ್ಕಿಂತ ಸರಳವಾದ ಆಧಾರವಿಲ್ಲ.

ಭಾರ ಬಿದ್ದಾಗ ಬಿಲ್ಲು ನೆಟ್ಟಗಾಗಿ ಉದ್ದವಾಗುವುದಷ್ಟೆ. ಆದಕಾರಣ ಅದರ ಒಂದು ತುದಿಯನ್ನು ಚಾಸಿಗೆ ನೇರವಾಗಿಯೂ ಇನ್ನೊಂದು ತುದಿಯನ್ನು ಶ್ಯಾಕಲ್ ಎಂಬ ಉಯ್ಯಾಲೆಯ ಮೂಲಕವೂ ಕಟ್ಟಿರುವರು. ಎರಡು ತುದಿಗಳಲ್ಲಿಯೂ ರಬ್ಬರು ಬುಷ್ಷುಗಳು. ನಮ್ಮ ಗಾಡಿಯಲ್ಲಿ ರಬ್ಬರೆಲ್ಲ ಪುಡಿಯಾಗಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿತ್ತು. ಹೊಸ ಬುಷ್ಷುಗಳನ್ನು ಹಾಕಿದರೂ ಮೇಸ್ತ್ರಿಗಳು ಅವುಗಳ ಬೋಲ್ಟುಗಳನ್ನು ಪೂರ್ತಿಯಾಗಿ ಬಿಗಿಯಲಿಲ್ಲ. ಗಾಡಿಯನ್ನು ಕೆಳಗಿಳಿಸಿ, ಚಕ್ರಗಳ ಮೇಲೆ ಅದರ ಭಾರ ಕುಳಿತಮೇಲೆಯೇ ಕೊನೆಯ ಬಿಗಿ. ಗಾಡಿ ಮೇಲೆ ತೂಗುತ್ತಿರುವಾಗಲೇ ಬಿಗಿದುಬಿಟ್ಟರೆ ಇಳಿಸಿದೊಡನೆ ರಬ್ಬರು ತಿರುಚಿಕೊಂಡು, ಸದಾ ತಿರುಚಿದ ಸ್ಥಿತಿಯಲ್ಲಿಯೇ ದುಡಿದು, ಬೇಗ ಹರಿಯುವುದಂತೆ. ಮುಂದಿನ ತೋಳುಗಳ ಬುಷ್ಷಿಗೂ ಇದೇ ನಿಯಮ. ಇದೊಂದು ಮಾತನ್ನು ತಿಳಿಯದೆ ಎಷ್ಟು ಮಂದಿ ವರುಷಕ್ಕೊಮ್ಮೆ ಬುಷ್ಷಿಗೆ ಹಣ ಸುರಿಯುತ್ತಿರುವರೋ!

ಪಟ್ಟಿಗಳ ನಡುವೆ ತೂರಿ ಹೋಗುವ ಸೆಂಟರ್ ಬೋಲ್ಟು ಅಚ್ಚನ್ನು ಅದರ ಸ್ಥಳದಲ್ಲಿ ನಿಲ್ಲಿಸುವುದು. ಯು ಬೋಲ್ಟುಗಳು ಕಮಾನನ್ನೂ ಅಚ್ಚನ್ನೂ ಅಪ್ಪಿ ಹಿಡಿಯುವುವು. ಯು ಬೋಲ್ಟು ಸಡಿಲವಾದರೆ ಪೆಟ್ಟೆಲ್ಲವೂ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುವುದು. ತುಂಡಾದರೆ ಹಿಂದಿನ ಅಚ್ಚು ಓರೆಯಾಗಿ, ಗಾಡಿಯು ನಾಯಿ ಓಡುವಂತೆ ಸೊಟ್ಟಗೆ ಓಡುವುದು. ಬಿಚ್ಚಿದ ಯು ಬೋಲ್ಟುಗಳನ್ನು ಮತ್ತೆ ಉಪಯೋಗಿಸಬಾರದು; ಒಮ್ಮೆ ಬಿಗಿದಾಗ ಅವು ಎಳೆದುಕೊಂಡಿರುತ್ತವೆ.

ಇಲ್ಲಿ ನಾನೊಂದು ಪ್ರಶ್ನೆ ಕೇಳಿದೆ. “ಹೇಗೂ ಬಿಚ್ಚಿದ್ದೀರಿ, ಎರಡು ಪಟ್ಟಿ ಹೆಚ್ಚಿಗೆ ಹಾಕಿಬಿಡಿ. ಇನ್ನೂ ನಾಲ್ಕು ಮೂಟೆ ಹೇರಬಹುದು” ಎಂದೆ. ನಮ್ಮ ಕಡೆ ಹಲವರು ಹೀಗೆ ಮಾಡಿಸಿರುವುದನ್ನು ಕಂಡಿದ್ದೆ. ಮೇಸ್ತ್ರಿಗಳು ನನ್ನನ್ನೇ ನೋಡಿ, “ಹಾಕ್ತೇನೆ. ಬ್ರೇಕಿಗೆ ಏನು ಹೆಚ್ಚಿಗೆ ಹಾಕಲಿ?” ಎಂದರು. ಉತ್ತರವು ನನ್ನಲ್ಲಿರಲಿಲ್ಲ. ಕಮಾನು ಗಟ್ಟಿಯಾದ ಮಾತ್ರಕ್ಕೆ ಅಚ್ಚಾಗಲಿ ಟೈರಾಗಲಿ ಚಾಸಿಯಾಗಲಿ ಗಟ್ಟಿಯಾಗುವುದಿಲ್ಲ. ಹಿಂಭಾಗವು ಬಾಗದಿದ್ದರೆ ಹೊರೆ ಹೆಚ್ಚಾದುದು ಕಣ್ಣಿಗೆ ಕಾಣದೆ ಹೋಗುವುದಲ್ಲದೆ, ಬರಿಗಾಡಿಯು ಕುಣಿದು ಕುಣಿದು ಉಳಿದ ಕೀಲುಗಳನ್ನು ಬೇಗ ಸವೆಯಿಸುವುದು. ನಮ್ಮ ಕೀಲುಗಳು ಏಳು ವರ್ಷದಲ್ಲಿ ಈ ಗತಿಗೆ ಬಂದುದಕ್ಕೆ ರಸ್ತೆಯ ಗುಂಡಿಗಳೆಷ್ಟು ಕಾರಣವೋ, ಸುಗ್ಗಿಯಲ್ಲಿ ಒಂದು ಸಲದ ಬಾಡಿಗೆಯನ್ನು ಉಳಿಸಲು ನಾನೇ ಏರಿಸಿದ ಮೂಟೆಗಳೂ ಅಷ್ಟೇ ಕಾರಣವೆಂಬುದು ಆಗ ಮನದಟ್ಟಾಯಿತು.

ಶಾಕ್ ಅಬ್ಸಾರ್ಬರುಗಳ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಚಕ್ಕುಲಿಯ ಒರಳಿನಲ್ಲಿ ಹಿಟ್ಟು ಸಣ್ಣ ತೂತುಗಳಿಂದ ಹೊರಬರಬೇಕಾದಾಗ ಕೈಗೆ ಹೇಗೆ ತಡೆಯಾಗುವುದೋ ಹಾಗೆ, ಕೊಳವೆಯೊಳಗಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಗ್ಗುತ್ತ ಸ್ಪ್ರಿಂಗಿನ ಕುಣಿತವನ್ನು ತಡೆಯುವುದು. ಎಣ್ಣೆ ಸೋರಿದ್ದರೆ, ಅಥವಾ ಗುಂಡಿ ದಾಟಿದ ಗಾಡಿಯು ಎರಡು ಮೂರು ಸಲ ತೂಗಾಡಿದರೆ, ಅದರ ಆಯುಸ್ಸು ತೀರಿತು. ಒಂದೇ ಅಚ್ಚಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಸ್ಟೀರಿಂಗ್ ಪೆಟ್ಟಿಗೆಯ ಮೇಲೆ ಒಂದು ಬಿಗಿಯುವ ತಿರುಪಿರುವುದು. ಕೀಲುಗಳನ್ನು ಬದಲಿಸುವ ಖರ್ಚಿಗೆ ಹೆದರಿ, ಆ ತಿರುಪನ್ನು ಎರಡು ಸುತ್ತು ತಿರುಗಿಸಿ ಸಡಿಲವು ಹೋಯಿತೆಂದು ತೋರಿಸುವವರುಂಟು. ಅಂತಹ ಗಾಡಿಯಲ್ಲಿ ತಿರುವು ದಾಟಿದಮೇಲೆ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳದೆ ಕಚ್ಚಿಕೊಳ್ಳುವುದು. ಘಾಟಿಯ ತಿರುವಿನಲ್ಲಿ ಇದಕ್ಕಿಂತ ಸಡಿಲವೇ ಮೇಲು.

ಬಿಡಿಭಾಗಗಳನ್ನು ಕೊಳ್ಳುವಾಗ ಮೇಸ್ತ್ರಿಗಳು ನನ್ನನ್ನೇ ಅಂಗಡಿಗೆ ಕಳುಹಿಸಿದರು. ಬೆಲೆಯಲ್ಲಿ ತಮ್ಮ ಕೈಯಿದೆಯೆಂಬ ಸಂಶಯ ಯಾರಿಗೂ ಬರಬಾರದೆಂದು. ಒಂದೇ ಕೀಲಿಗೆ ಮೂರು ಬೆಲೆಗಳಿದ್ದವು. ಅತಿ ಕಡಿಮೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಗುಂಡು ಹೊಸದರಲ್ಲಿಯೇ ಸಡಿಲವಾಗಿ ಆಡುತ್ತಿತ್ತು, ಟೋಪಿಯ ರಬ್ಬರು ಕಾಗದದಂತೆ ತೆಳ್ಳಗಿತ್ತು. ಗಾಡಿಯನ್ನು ತಯಾರಿಸಿದವರ ಮುದ್ರೆಯುಳ್ಳದನ್ನೇ ರಶೀದಿಯೊಡನೆ ತಂದೆ. ಹಳೆಯ ಭಾಗಗಳನ್ನು ಅವರು ಒಂದು ಗೋಣಿಯಲ್ಲಿ ಕಟ್ಟಿ ನಮಗೇ ಕೊಟ್ಟರು. ಬದಲಾಯಿಸಿದ್ದೇವೆಂದು ಹೇಳಿ ಬದಲಾಯಿಸದವರ ಕಾಟವಿರುವುದರಿಂದ ಇದನ್ನು ಗೃಹಸ್ಥರು ಕೇಳಿ ಪಡೆಯುವುದು ಒಳ್ಳೆಯದು.

ಎಲ್ಲವೂ ಮುಗಿದಮೇಲೆ ಮೂರನೆಯ ದಿನ ಚಕ್ರಗಳ ನೇರವನ್ನು ಅಳೆಯಿಸಿದೆವು. ಸಡಿಲ ಕೀಲುಗಳಿರುವಾಗ ಇದನ್ನು ಮಾಡಿಸಿದುದೇ ನಮ್ಮ ಮೊದಲಿನ ತಪ್ಪು. ಯಂತ್ರದ ಮೇಲೆ ನಿಂತಾಗ ಒಂದು ಅಳತೆ, ರಸ್ತೆಗಿಳಿದಾಗ ಇನ್ನೊಂದು. ಎರಡು ಮುಂಚಕ್ರಗಳ ಮುಂದಣ ಅಂತರವೂ ಹಿಂದಣ ಅಂತರವೂ ಗಾಡಿಯ ಪುಸ್ತಕದಲ್ಲಿ ಹೇಳಿದ ಲೆಕ್ಕಕ್ಕಿಂತ ಕೆಲವೇ ಮಿಲಿಮೀಟರು ಬೇರೆಯಾದರೂ ಟೈರು ಪ್ರತಿ ಮೈಲಿಯಲ್ಲಿಯೂ ಮಗ್ಗುಲಿಗೆ ಉಜ್ಜಿಕೊಂಡು ಓಡುವುದು. ಒಳ ಅಂಚು ಹರಿದ ಟೈರುಗಳನ್ನು ಹಿಂದಕ್ಕೆ ಹಾಕಿಸಿಕೊಂಡು ಹೊರಟೆವು.

ಹೊಸ ಕೀಲುಗಳೊಡನೆ ಮೊದಲ ಹೊರೆ ಶಿವಮೊಗ್ಗೆಗೆ ಹೋಯಿತು. ನಾನೂ ಜೊತೆಗಿದ್ದೆ. ಮಂಡಗದ್ದೆ ದಾಟುವಷ್ಟರಲ್ಲಿ ಮಗನು, “ಅಪ್ಪಯ್ಯ, ಗಾಡಿ ಬಹಳ ಬಿಗಿಯೆನಿಸುತ್ತದೆ, ಏನೋ ಹೆಚ್ಚಾಗಿದೆ” ಎಂದನು. ಹೆಚ್ಚಾದುದೇನೂ ಇರಲಿಲ್ಲ, ಏಳು ವರ್ಷದ ಹಿಂದೆ ಗಾಡಿ ಹೀಗೆಯೇ ಇದ್ದಿತು, ಅವನ ಕೈ ಅದನ್ನು ಮರೆತಿತ್ತು. ಮೂಟೆಗಳನ್ನು ಇಳಿಸಿ ಹಿಂದಿರುಗುವಾಗ, ಹೇಳಿದ್ದಂತೆ ಮೇಸ್ತ್ರಿಗಳ ಬಳಿ ನಿಲ್ಲಿಸಿದೆವು. ಹೊಸ ಪಟ್ಟಿಗಳೂ ಬೋಲ್ಟುಗಳೂ ಹೊರೆ ಹೊತ್ತಮೇಲೆ ಸ್ವಲ್ಪ ಕುಳಿತುಕೊಳ್ಳುವುದುಂಟಂತೆ. ಅವರು ಯು ಬೋಲ್ಟಿನ ಎಂಟು ನಟ್ಟುಗಳಿಗೂ ಸ್ಪ್ಯಾನರು ಕೊಟ್ಟು ಒತ್ತಿದರು. ಮೂರು ನಟ್ಟುಗಳು ಕಾಲುಸುತ್ತಿನಷ್ಟು ತಿರುಗಿದವು, ಉಳಿದವು ಮಿಸುಕಲಿಲ್ಲ.